ಗೌನು, ಬೆಳ್ಳಿಕೋಲು, ಪ್ರಸಂಗ: ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚರ್ಚಿನಲ್ಲಿ ಒಂದು ಭಾನುವಾರ

1355ನೇ ಇಸವಿ, ಫೆಬ್ರವರಿ 10. ಆಕ್ಸ್‌ಫರ್ಡಿನ ನಟ್ಟನಡುವೆ ನಾಲ್ಕು ದಾರಿ ಕೂಡುವ ಜಾಗಕ್ಕೆ ಕಾರ್ಫ್ಯಾಕ್ಸ್ ಎಂದು ಹೆಸರು. ಅಲ್ಲಿದ್ದ ಸ್ವಿಂಡಲ್‌ಸ್ಟಾಕ್ ಎಂಬ ಪಾನಗೃಹದಲ್ಲಿ ಕುಡಿಯುತ್ತ ಕೂತಿದ್ದ ವಿದ್ಯಾರ್ಥಿಗಳು ವೈನು ಚೆನ್ನಾಗಿಲ್ಲವೆಂದು ಜಗಳ ತೆಗೆದರು. ಅಂಗಡಿಯವನೂ ಬಾಯಿಗೆ ಬಂದದ್ದು ಅಂದ. ಕುಡಿಯುವ ಪಾತ್ರೆ ಅವನ ತಲೆಗೆ ಬಿತ್ತು. ಊರಿನವರು ಸೇಂಟ್ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿ ಜನ ಕೂಡಿಸಿದರು. ವಿದ್ಯಾರ್ಥಿಗಳ ಕಡೆಯವರು ಸೇಂಟ್ ಮೇರಿ ಚರ್ಚಿನ ಗಂಟೆ ಬಾರಿಸಿದರು. ಕಾದಾಟ ಮುಗಿಯುವಷ್ಟರಲ್ಲಿ ವಿಶ್ವವಿದ್ಯಾಲಯದ ಕಡೆ 63 ಮಂದಿ ಸತ್ತರೆಂದು ಲೆಕ್ಕ. ಊರಿನವರೂ ಸತ್ತರು, ಆದರೆ ದಂಡ ಬಿದ್ದದ್ದು ಊರಿಗೆ ಮಾತ್ರ. ದೊರೆ ಮೂರನೆಯ ಎಡ್ವರ್ಡ್ ವಿಶ್ವವಿದ್ಯಾಲಯದ ಪರ ನಿಂತ. ಪ್ರತಿವರ್ಷ ಅದೇ ದಿನ ಊರಿನ ಮೇಯರ್ ಇಬ್ಬರು ಅಧಿಕಾರಿಗಳೊಂದಿಗೆ, ಅರವತ್ತು ಜನ ನಾಗರಿಕರನ್ನು ಕರೆದುಕೊಂಡು ಸೇಂಟ್ ಮೇರಿ ಚರ್ಚಿಗೆ ಬರಬೇಕು, ಸತ್ತವರಿಗಾಗಿ ನಡೆಯುವ ಪೂಜೆಯಲ್ಲಿ ನಿಲ್ಲಬೇಕು, ತಲೆಗೊಂದು ಪೆನ್ನಿಯಂತೆ ಕಾಣಿಕೆ ಒಪ್ಪಿಸಬೇಕು ಎಂದಾಯಿತು.

ನಡುನಡುವೆ ತಕರಾರು, ತಪ್ಪಿಸಿಕೊಳ್ಳುವ ಆಟ ಎಲ್ಲ ನಡೆದವು. ಆದರೂ ಈ ಪದ್ಧತಿ ನಿಂತದ್ದು 1825ರಲ್ಲಿ, ಆಗಿನ ಮೇಯರ್ ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದ ಮೇಲೆ. ಅಂದರೆ ಸುಮಾರು 470 ವರ್ಷ. ಹುಳಿ ವೈನಿಗೆ ಇಷ್ಟು ದುಬಾರಿ ಬೆಲೆ ಬೇರೆಲ್ಲೂ ಬಿದ್ದಿರಲಾರದು.

ವಿಶ್ವವಿದ್ಯಾಲಯದ ವಿಧ್ಯುಕ್ತ ಆರಾಧನೆ ಎಂದರೆ ಏನು ಎಂದು ಹೇಳಲು ನಾನು ಈ ಜಗಳದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಮಗ ಅಥವಾ ಮಗಳು ಅಲ್ಲಿ ಓದುತ್ತಿದ್ದರೆ, ನೋಡಲು ಹೋದ ತಂದೆತಾಯಿಗೆ ಒಂದು ಭಾನುವಾರ ಬೆಳಿಗ್ಗೆ ಈ ಚರ್ಚಿನೊಳಗೆ ಹೋಗುವ ಸಂದರ್ಭ ಬರಬಹುದು. ಕೆಂಪು ನಿಲುವಂಗಿಯ ಪ್ರಾಧ್ಯಾಪಕರು, ಮುಂದೆ ಬೆಳ್ಳಿಕೋಲು ಹಿಡಿದವರು, ಆರ್ಗನ್ ವಾದ್ಯದ ಮೊಳಗು ನೋಡಿ 'ಇದು ಅವರ ದೇವರ ಪೂಜೆ, ನಮಗೇನು' ಎಂದು ಅನ್ನಿಸುತ್ತದೆ. ದೇವರ ಪೂಜೆ ಹೌದು. ಅದರೊಳಗೇ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ: ತನ್ನನ್ನು ಆಳುವವರು ಯಾರು, ತನಗೆ ಕೊಟ್ಟವರು ಯಾರು, ತನಗೆ ಬಾಕಿ ಇರುವವರು ಯಾರು ಎಂದು ವಿಶ್ವವಿದ್ಯಾಲಯವು ಸಾರ್ವಜನಿಕವಾಗಿ ಲೆಕ್ಕ ಓದುತ್ತದೆ. ಮೇಯರನ 63 ಪೆನ್ನಿ ಆ ಲೆಕ್ಕದ ಒಂದು ಕಲಮು. ಈ ಕೀಲಿ ಕೈಯಲ್ಲಿದ್ದರೆ ಉಳಿದದ್ದೆಲ್ಲ ತೆರೆದುಕೊಳ್ಳುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಆಕ್ಸ್‌ಫರ್ಡಿನಲ್ಲಿ ಕಾಲೇಜುಗಳು ಬೇರೆ, ವಿಶ್ವವಿದ್ಯಾಲಯ ಬೇರೆ. ಹಳೆಯ ಕಾಲೇಜುಗಳಿಗೆ ಅವುಗಳದೇ ಪ್ರಾರ್ಥನಾ ಮಂದಿರಗಳಿವೆ. ಸಂಜೆಯ ಗಾಯನ ಆರಾಧನೆಗೆ ಪ್ರವಾಸಿಗರು ಸಾಲುಗಟ್ಟುವುದು ಅಲ್ಲಿಗೆ. ವಿಶ್ವವಿದ್ಯಾಲಯಕ್ಕೆ ಒಟ್ಟಾಗಿ ಇರುವ ಚರ್ಚು ಹೈ ಸ್ಟ್ರೀಟಿನ ಸೇಂಟ್ ಮೇರಿ. ಅದು ಆ ಭಾಗದ ಜನರ ಪ್ಯಾರಿಷ್ ಚರ್ಚೂ ಹೌದು. ಟರ್ಮ್, ಅಂದರೆ ಪಾಠದ ಅವಧಿ, ನಡೆಯುವಾಗ ಕೆಲವು ಭಾನುವಾರಗಳಂದು 'ವಿಶ್ವವಿದ್ಯಾಲಯದ ಪ್ರಸಂಗ' ಎಂದು ಗೊತ್ತುಮಾಡುತ್ತಾರೆ; ಹೆಚ್ಚಿನವು ಇಲ್ಲಿ, ಕೆಲವು ಕಾಲೇಜುಗಳ ಮಂದಿರಗಳಲ್ಲಿ. ಪ್ರಸಂಗ ಎಂದರೆ ಯಕ್ಷಗಾನದ್ದಲ್ಲ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪಾದ್ರಿ ಮಾಡುವ ಉಪದೇಶಕ್ಕೆ ಹಾಗೆನ್ನುತ್ತಾರೆ. ಆರಾಧನೆ, ಪ್ರಸಂಗ, ಕಾಣಿಕೆ, ಪ್ರಭುಭೋಜನ ಮುಂತಾದ ಮಾತುಗಳು ಕನ್ನಡ ಕ್ರೈಸ್ತರ ಬಾಯಲ್ಲಿ ಎಂದೋ ಹದಗೊಂಡಿವೆ. ಹೊಸ ಪದ ಕಟ್ಟುವ ಅಗತ್ಯ ನನಗಿಲ್ಲ.

ಈ ಕಟ್ಟಡಕ್ಕೆ ಯಾಕಿಷ್ಟು ಮಹತ್ವ? ವಿಶ್ವವಿದ್ಯಾಲಯ ಹುಟ್ಟಿದ ಕಾಲಕ್ಕೆ ಅದಕ್ಕೆ ಸ್ವಂತದ ಒಂದು ಗೋಡೆಯೂ ಇರಲಿಲ್ಲ. ಮೇಷ್ಟರುಗಳು, ಹುಡುಗರು, ಬಾಡಿಗೆ ಕೋಣೆಗಳು, ಇಷ್ಟೇ. ಎಲ್ಲರೂ ಸೇರಬೇಕಾದರೆ ಸಿಗುತ್ತಿದ್ದ ದೊಡ್ಡ ಜಾಗ ಊರಿನ ಈ ಚರ್ಚು. ಹದಿಮೂರನೆಯ ಶತಮಾನದಿಂದಲೇ ಸಭೆ, ಪಾಠ, ಪದವಿ ಪ್ರದಾನ ಎಲ್ಲ ಇಲ್ಲೇ ನಡೆಯುತ್ತಿದ್ದವು. 1320ರ ಸುಮಾರಿಗೆ ವೂಸ್ಟರಿನ ಬಿಷಪ್ ಥಾಮಸ್ ಕೋಬಮ್ ಕೊಟ್ಟ ಹಣದಲ್ಲಿ ಚರ್ಚಿಗೆ ತಾಗಿ ಎರಡು ಅಂತಸ್ತಿನ ಕಟ್ಟಡ ಎದ್ದಿತು: ಕೆಳಗೆ ವಿಶ್ವವಿದ್ಯಾಲಯದ ಸಭಾಗೃಹ, ಮೇಲೆ ಪುಸ್ತಕಗಳಿಗೆ ಕೋಣೆ. ನಮ್ಮಲ್ಲಿ ಕಲಬುರಗಿ ಸೀಮೆಯ ನಾಗಾವಿಯಲ್ಲಿ ಅದಕ್ಕೂ ಎರಡೂವರೆ ಶತಮಾನ ಮೊದಲು, 1058ರಲ್ಲಿ, ಘಟಿಕಾಸ್ಥಾನದ ಶಾಸನವೊಂದು ವೇದ ಓದುವವರನ್ನೂ ಶಾಸ್ತ್ರ ಓದುವವರನ್ನೂ ಕಲಿಸುವವರನ್ನೂ, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನೂ ಎಣಿಸಿ ಹೇಳುತ್ತದೆ. ಗುಡಿಯ ನೆರಳಲ್ಲಿ ಶಾಲೆ, ಶಾಲೆಯ ಮೂಲೆಯಲ್ಲಿ ಪುಸ್ತಕದ ಕೋಣೆ. ಎರಡು ಕಡೆಯೂ ವಿದ್ಯೆ ಮೊದಲು ಜಾಗ ಕೇಳಿದ್ದು ದೇವರ ಮನೆಯಲ್ಲಿ.

ಪದವಿ ಪ್ರದಾನದ ಸಮಾರಂಭ ಚರ್ಚಿನಿಂದ ಹೊರಬಿದ್ದ ಕಥೆಯೂ ಸ್ವಾರಸ್ಯವಾಗಿದೆ. ಆ ಹಬ್ಬದಲ್ಲಿ 'ಟೆರೆ ಫಿಲಿಯಸ್' ಎಂಬ ಹೆಸರಿನ ಒಬ್ಬ ವಿದೂಷಕನಿರುತ್ತಿದ್ದ. ದೊಡ್ಡವರನ್ನು ಲೇವಡಿ ಮಾಡಲು ಅವನಿಗೆ ಪರವಾನಗಿಯೇ ಇತ್ತು. ಅವನ ಪೋಲಿ ಮಾತು ದೇವರ ಮುಂದೆ ಆಡತಕ್ಕದ್ದಲ್ಲ ಎಂದು ಹಲವರಿಗೆ ಇರುಸುಮುರುಸು. ಕೊನೆಗೆ ಆರ್ಚ್‌ಬಿಷಪ್ ಗಿಲ್ಬರ್ಟ್ ಶೆಲ್ಡನ್ ಹಣ ಕೊಟ್ಟು, ಕ್ರಿಸ್ಟೊಫರ್ ರೆನ್ ನಕ್ಷೆ ಬರೆದು, 1669ರಲ್ಲಿ ಶೆಲ್ಡೋನಿಯನ್ ಥಿಯೇಟರ್ ಸಿದ್ಧವಾಯಿತು. ಪದವಿಗಳು ಅಲ್ಲಿಗೆ ಹೋದವು. ಪ್ರಸಂಗ ಚರ್ಚಿನಲ್ಲೇ ಉಳಿಯಿತು.

ಈಗ ಒಳಗೆ ಕೂರೋಣ. ಆರ್ಗನ್ ಸ್ವರ ಬದಲಾದಾಗ ಎಲ್ಲರೂ ಏಳುತ್ತಾರೆ. ಮೆರವಣಿಗೆ ಬರುತ್ತಿದೆ ಎಂದರ್ಥ. ಕುಲಪತಿಗಳ ಮುಂದೆ ಬೆಳ್ಳಿಯ ಕೋಲು ಹಿಡಿದು ನಡೆಯುವವರಿಗೆ ಬೀಡಲ್ ಎನ್ನುತ್ತಾರೆ. ಮೈಸೂರು ಅರಮನೆಯ ದರ್ಬಾರಿನ ಚಿತ್ರ ನೋಡಿದವರಿಗೆ ಇವರ ಗುರುತು ಹಚ್ಚುವುದು ಕಷ್ಟವಲ್ಲ: ಚೋಪದಾರರು. ಪರಾಕು ಕೂಗುವುದಿಲ್ಲ ಅಷ್ಟೇ. ಬೀಡಲ್ ಎಂಬ ಹುದ್ದೆ ವಿಶ್ವವಿದ್ಯಾಲಯದ ಅತ್ಯಂತ ಹಳೆಯ ಹುದ್ದೆಗಳಲ್ಲಿ ಒಂದು. ಹಿಂದೆ ಇವರೇ ಸುದ್ದಿ ಸಾರುವವರು, ಸಭೆಗೆ ಕರೆಯುವವರು. ಕೋಲುಗಳು ದೇವತಾಶಾಸ್ತ್ರ, ಕಾನೂನು, ವೈದ್ಯ, ಕಲೆ ಎಂಬ ಹಳೆಯ ವಿಭಾಗಗಳಿಗೆ ಸೇರಿದವು. ಭೌತಶಾಸ್ತ್ರಕ್ಕೆ ಕೋಲಿಲ್ಲ, ಕಂಪ್ಯೂಟರ್ ವಿಜ್ಞಾನಕ್ಕಂತೂ ಇಲ್ಲವೇ ಇಲ್ಲ.

ಕುಲಪತಿ ಎಂದೆ. ಅಲ್ಲಿ ಅವರು ವೈಸ್ ಚಾನ್ಸಲರ್. ಮೇಲೊಬ್ಬ ಚಾನ್ಸಲರ್ ಇದ್ದರೂ ಅದು ಹೆಚ್ಚಾಗಿ ಗೌರವದ ಪಟ್ಟ, ದಿನದಿನದ ಆಡಳಿತ ಇವರದು. ನಮ್ಮಲ್ಲಿ ರಾಜ್ಯಪಾಲರು ಕುಲಾಧಿಪತಿಗಳಾಗಿ ಮೇಲೆ ಕೂತು ಕುಲಪತಿಗಳು ಕೆಲಸ ನಡೆಸುವ ಏರ್ಪಾಡಿನ ಬೇರು ಇಲ್ಲಿದೆ. ಅವರ ಹಿಂದೆಮುಂದೆ ಕಾಣುವ ಇಬ್ಬರು ಪ್ರಾಕ್ಟರುಗಳು ಶಿಸ್ತಿನ ಅಧಿಕಾರಿಗಳು. ಕಾಲೇಜುಗಳ ಮುಖ್ಯಸ್ಥರು ಇರುತ್ತಾರೆ. ಡಾಕ್ಟರೇಟ್ ಪಡೆದವರು ವಿಶೇಷ ದಿನಗಳಲ್ಲಿ ಕಡುಗೆಂಪು ಗೌನು ತೊಡುತ್ತಾರೆ, ಉಳಿದವರದು ಕಪ್ಪು. ವಿದ್ಯಾರ್ಥಿಗಳ ಗೌನಿನಲ್ಲೂ ಉದ್ದ, ಗಿಡ್ಡ ಎಂಬ ಭೇದವಿದೆ: ವಿದ್ಯಾರ್ಥಿವೇತನ ಗೆದ್ದವನದು ಉದ್ದ, ಉಳಿದವರದು ಗಿಡ್ಡ. ನೋಡಿದ ತಕ್ಷಣ ಯಾರು ಎಲ್ಲಿಯವರು ಎಂದು ತಿಳಿಯಬೇಕೆಂಬುದೇ ಈ ಉಡುಪಿನ ಉದ್ದೇಶ.

ಕೂರುವ ಜಾಗಕ್ಕೂ ಇದೇ ನ್ಯಾಯ. ಸಾಮಾನ್ಯವಾಗಿ ಚರ್ಚಿನಲ್ಲಿ ಎಲ್ಲರ ಕಣ್ಣೂ ಪೂರ್ವದ ಪವಿತ್ರ ಮೇಜಿನ ಕಡೆಗಿರುತ್ತದೆ. ಸೇಂಟ್ ಮೇರಿಯಲ್ಲಿ ಕುಲಪತಿಗಳ ಎತ್ತರದ ಪೀಠ ಇರುವುದು ಪಶ್ಚಿಮದ ತುದಿಯಲ್ಲಿ, ಪ್ರಸಂಗಪೀಠದ ಕಡೆ ಮುಖಮಾಡಿ. ಈಗ ಕಾಣುವ ಆಸನಗಳ, ಅಟ್ಟಣೆಗಳ ಏರ್ಪಾಡು 1820ರ ದಶಕದ್ದು. ಒಂದು ಕಡೆ ದೇವರ ಮೇಜು, ಇನ್ನೊಂದು ಕಡೆ ಕುಲಪತಿಗಳ ಪೀಠ, ನಡುವೆ ಪ್ರಸಂಗಿ. ಪಾಪ, ಅವನ ಸ್ಥಿತಿ ಊಹಿಸಿ.

ಇನ್ನು ನನಗೆ ಇಡೀ ಆರಾಧನೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ. ಪ್ರಸಂಗಕ್ಕೆ ಮೊದಲು ಪ್ರಸಂಗಿ ಒಂದು ಉದ್ದನೆಯ ಪ್ರಾರ್ಥನೆ ಓದುತ್ತಾನೆ, ಅದರ ಹೆಸರು ಬಿಡ್ಡಿಂಗ್ ಪ್ರೇಯರ್. ಕಿವಿಗೊಟ್ಟು ಕೇಳಿದರೆ ಅದು ದೇವರನ್ನು ಉದ್ದೇಶಿಸಿದ ಮಾತೇ ಅಲ್ಲ. ಎದುರು ಕೂತ ಜನರಿಗೆ ಹೇಳುವುದು: ಇಂಥವರಿಗಾಗಿ ಪ್ರಾರ್ಥಿಸಿ, ಇಂಥವರನ್ನು ನೆನೆಯಿರಿ. ಹಳೆಯ ಇಂಗ್ಲಿಷಿನಲ್ಲಿ 'ಬಿಡ್' ಎಂದರೆ ಬೇಡು ಎಂಬ ಅರ್ಥವಿತ್ತು, ಪ್ರಾರ್ಥನೆಗೆ 'ಬೀಡ್' ಎನ್ನುತ್ತಿದ್ದರು. ಜಪ ಎಣಿಸಲು ಬಳಸುತ್ತಿದ್ದ ಮಣಿಗೂ ಅದೇ ಹೆಸರು ಅಂಟಿಕೊಂಡಿತು. ಈಗ ಇಂಗ್ಲಿಷಿನಲ್ಲಿ ಮಣಿಗೆ ಬೀಡ್ ಎನ್ನುವುದು ಹೀಗೆ. ನಮ್ಮ 'ಬೇಡು' ಮತ್ತು ಅವರ 'ಬಿಡ್' ಕಿವಿಗೆ ಹತ್ತಿರವಾದರೂ ನಂಟಿಲ್ಲ. ವಾಟ್ಸಾಪಿನಲ್ಲಿ ಯಾರಾದರೂ ಹೇಳಿಬಿಡುವ ಮೊದಲೇ ಹೇಳಿಬಿಡುತ್ತೇನೆ.

ಈ ಪ್ರಾರ್ಥನೆಯ ಕ್ರಮ ಹೀಗೆ: ಮೊದಲು ಕ್ರೈಸ್ತ ಸಭೆಗಾಗಿ. ಆಮೇಲೆ ದೊರೆ, ಅವರ ಮನೆತನ. ಆಮೇಲೆ ನಾಡಿನ ವಿದ್ಯಾಸ್ಥಾನಗಳು, ಅದರಲ್ಲೂ ಇಲ್ಲಿಯ ಚಾನ್ಸಲರ್, ಕುಲಪತಿ, ಡಾಕ್ಟರುಗಳು, ಪ್ರಾಕ್ಟರುಗಳು, ಕಾಲೇಜುಗಳ ಮುಖ್ಯಸ್ಥರು, ವಿದ್ಯಾರ್ಥಿಗಳು. ಪ್ರಸಂಗಿ ತಾನು ಸೇರಿದ ಕಾಲೇಜನ್ನು ಬೇರೆಯಾಗಿ ನೆನೆಯುತ್ತಾನೆ. ಕೊನೆಯಲ್ಲಿ ತೀರಿಹೋದವರು, ಸಂಸ್ಥಾಪಕರು ಮತ್ತು ದಾನಿಗಳು. ಆಮೇಲೆ ಎಲ್ಲರೂ ಒಟ್ಟಾಗಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಕರ್ತನ ಪ್ರಾರ್ಥನೆ.

ಇದರಲ್ಲಿ ರಾಜಕೀಯವೆಲ್ಲಿ ಎಂದು ಕೇಳಬಹುದು. ದೊರೆಯ ಹೆಸರಿನಲ್ಲಿ. ಪೋಪನಿಂದ ಬೇರೆಯಾದ ಮೇಲೆ ಇಂಗ್ಲೆಂಡಿನಲ್ಲಿ ದೊರೆಯೇ ಚರ್ಚಿನ ಮುಖ್ಯಸ್ಥ. ಪ್ರಸಂಗಕ್ಕೆ ಮೊದಲು ದೊರೆಯನ್ನು ಬಿರುದು ಸಮೇತ ಹೆಸರಿಸಬೇಕೆಂದು 1604ರ ಚರ್ಚ್ ಕಟ್ಟಳೆಗಳಲ್ಲಿ 55ನೆಯದು ವಿಧಿಸಿತು. ಯಾರು ಹೆಸರನ್ನು ನುಂಗಿಕೊಂಡರು, ಯಾರು ಗಂಟಲೆತ್ತಿ ಹೇಳಿದರು ಎಂಬುದು ನಿಷ್ಠೆಯ ಪರೀಕ್ಷೆಯಾಯಿತು. 1688ರಲ್ಲಿ ಎರಡನೆಯ ಜೇಮ್ಸ್ ಓಡಿಹೋಗಿ 1689ರಲ್ಲಿ ವಿಲಿಯಂ, ಮೇರಿ ಪಟ್ಟಕ್ಕೆ ಬಂದಾಗ ಹೊಸಬರಿಗೆ ಪ್ರಮಾಣ ಮಾಡಲು ಒಪ್ಪದೆ ಸುಮಾರು 400 ಪಾದ್ರಿಗಳು ಕೆಲಸ ಕಳೆದುಕೊಂಡರು. ಪ್ರಾರ್ಥನೆಯಲ್ಲಿ ಯಾವ ಹೆಸರು ಹೇಳುತ್ತೀ ಎಂಬ ಪ್ರಶ್ನೆಗೆ ಅನ್ನದ ತಟ್ಟೆಯಷ್ಟು ತೂಕವಿತ್ತು.

ದಾನಿಗಳ ಭಾಗ ಮಾತ್ರ ಕನ್ನಡಿಗನಿಗೆ ತೀರಾ ಪರಿಚಿತ. ಗ್ಲಾಸ್ಟರಿನ ಡ್ಯೂಕ್ ಹಂಫ್ರಿ ಹದಿನೈದನೆಯ ಶತಮಾನದಲ್ಲಿ ತನ್ನ ಹಸ್ತಪ್ರತಿಗಳನ್ನು ಕೊಟ್ಟ. ಆ ಪುಸ್ತಕಗಳು ಚದುರಿಹೋದ ಮೇಲೆ ಥಾಮಸ್ ಬಾಡ್ಲಿ ಗ್ರಂಥಾಲಯವನ್ನು ಮತ್ತೆ ಕಟ್ಟಿ 1602ರಲ್ಲಿ ತೆರೆದ. ಇಂಥವರನ್ನು ಮರೆಯದೆ ಉಸುರುವುದು ಈ ಪ್ರಾರ್ಥನೆಯ ಕರ್ತವ್ಯ. ನಮ್ಮ ದಾನಶಾಸನಗಳೂ ಇದನ್ನೇ ಮಾಡಿದವು: ಯಾರು, ಯಾವಾಗ, ಯಾರ ಕಾಲು ತೊಳೆದು, ಎಷ್ಟು ಮತ್ತರು ಭೂಮಿ ಬಿಟ್ಟರು ಎಂದು ಕಲ್ಲಿನಲ್ಲಿ ಕೆತ್ತಿದವು. ವ್ಯತ್ಯಾಸವೊಂದಿದೆ. ಆಕ್ಸ್‌ಫರ್ಡಿನವರು ದಾನಿಗೆ ವಂದನೆ ಹೇಳಿ ನಿಲ್ಲಿಸುತ್ತಾರೆ. ನಮ್ಮವರು ಅಲ್ಲಿಗೆ ಬಿಡಲಿಲ್ಲ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಸೇರಿಸಿದರು. ಆಸ್ತಿ ಉಳಿಸಿಕೊಳ್ಳುವ ಉಪಾಯವಾಗಿ ನಮ್ಮದೇ ಹೆಚ್ಚು ಗಟ್ಟಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಉಳಿದ ಆಸ್ತಿ ನೋಡಿದರೆ ಅವರದೇ ಹೆಚ್ಚು.

ಪ್ರಾರ್ಥನೆ ಮುಗಿಯಿತು, ಪ್ರಸಂಗ ಶುರು. ಇಲ್ಲಿ ಜನ ಆಕಳಿಸುವುದುಂಟು. ಆದರೆ ಇಲ್ಲಿ ಪ್ರಸಂಗ ಮುಗಿದ ಕೂಡಲೇ ಪ್ರಾಣ ಹೋದದ್ದೂ ಇದೆ. 1556ರ ಮಾರ್ಚ್ 21ರಂದು, ಕ್ಯಾಥೊಲಿಕ್ ರಾಣಿ ಮೇರಿಯ ಆಳ್ವಿಕೆಯಲ್ಲಿ, ಜೀವಂತ ಸುಡುವ ಶಿಕ್ಷೆಗೆ ಗುರಿಯಾಗಿದ್ದ ಪದಚ್ಯುತ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರನನ್ನು ಈ ಚರ್ಚಿಗೆ ತಂದು ಎತ್ತರದ ಅಟ್ಟದ ಮೇಲೆ ನಿಲ್ಲಿಸಿದರು. ಮಳೆಯ ದಿನವಾದ್ದರಿಂದ ಸುಡುವ ಜಾಗದಲ್ಲಿ ಆಗಬೇಕಿದ್ದ ಪ್ರಸಂಗ ಒಳಗೆ ನಡೆಯಿತು. ತನ್ನ ಪ್ರೊಟೆಸ್ಟೆಂಟ್ ನಂಬಿಕೆ ತಪ್ಪೆಂದು ಅವನು ಮೊದಲೇ ಬರೆದುಕೊಟ್ಟಿದ್ದ. ಎಲ್ಲರೆದುರು ಅದನ್ನೇ ಬಾಯಿಬಿಟ್ಟು ಹೇಳುತ್ತಾನೆಂದು ಕಾದಿದ್ದರು. ಅವನು ಹೇಳಿದ್ದು ತಿರುಗುಮುರುಗು: ಬರೆದುಕೊಟ್ಟದ್ದು ಪ್ರಾಣಭಯಕ್ಕೆ, ಬರೆದ ಬಲಗೈ ಮೊದಲು ಸುಡಲಿ. ಅವನನ್ನು ಎಳೆದುಕೊಂಡು ಹೋದರು. ಬೆಂಕಿಯಲ್ಲಿ ಅವನು ಬಲಗೈಯನ್ನೇ ಮುಂದೆ ಚಾಚಿದ. ಆ ಅಟ್ಟ ನಿಲ್ಲಿಸಲು ಕತ್ತರಿಸಿದ ಕಂಬವೆಂದು ಪ್ರಸಂಗಪೀಠದ ಎದುರಿನ ಕಂಬವೊಂದನ್ನು ಈಗಲೂ ತೋರಿಸುತ್ತಾರೆ. ಆರಾಧನೆಗೆ ಬಂದವರು ಅದರ ಪಕ್ಕದಲ್ಲೇ ಕೋಟು ಮಡಿಸಿಟ್ಟು ಕೂರುತ್ತಾರೆ.

1744ರ ಆಗಸ್ಟ್ 24ರಂದು ಜಾನ್ ವೆಸ್ಲಿ ಇಲ್ಲಿ ಪ್ರಸಂಗ ಮಾಡಿದ. ಅವನು ಲಿಂಕನ್ ಕಾಲೇಜಿನ ಫೆಲೊ, ಅಂದರೆ ಕಾಲೇಜಿನ ವಿದ್ವತ್ ಸದಸ್ಯ, ಸರದಿಯಂತೆ ಅವನ ಪಾಳಿ ಬಂದಿತ್ತು. ಎದುರು ಕೂತ ಕುಲಪತಿಗಳಿಗೆ, ಫೆಲೊಗಳಿಗೆ, ವಿದ್ಯಾರ್ಥಿಗಳಿಗೆ ನೇರವಾಗಿ ಕೇಳಿದ: ನಿಮ್ಮಲ್ಲಿ ಕ್ರೈಸ್ತತನ ಎಲ್ಲಿದೆ, ನೀವು ಹುಡುಗಾಟದ ಮಂದಿಯಲ್ಲವೇ? ಪ್ರಸಂಗ ಮುಗಿದ ಮೇಲೆ ಕುಲಪತಿಗಳು ಅದರ ಪ್ರತಿ ತರಿಸಿಕೊಂಡರು. ಆಮೇಲೆ ವೆಸ್ಲಿಗೆ ಆ ಪೀಠ ಸಿಗಲಿಲ್ಲ. ಅವನು ಹುಟ್ಟುಹಾಕಿದ ಮೆಥಡಿಸ್ಟ್ ಪಂಥದ ಮಿಷನರಿಗಳು ಮುಂದೆ ಬೆಂಗಳೂರು, ಮೈಸೂರು, ತುಮಕೂರು ಸೀಮೆಗೆ ಬಂದು ಶಾಲೆ, ಆಸ್ಪತ್ರೆ, ಅಚ್ಚುಕೂಟ ಕಟ್ಟಿದರು. ನಮ್ಮ ಕಡೆ 'ವೆಸ್ಲಿಯನ್ ಮಿಷನ್' ಎನ್ನುವುದು ಈ ಹೊರಗೆ ಹಾಕಿಸಿಕೊಂಡ ಪ್ರಸಂಗಿಯ ಹೆಸರಿನಿಂದ.

1833ರ ಜುಲೈ 14ರಂದು ಜಾನ್ ಕೀಬಲ್ ಮಾಡಿದ ಪ್ರಸಂಗ ನ್ಯಾಯಾಧೀಶರ ಎದುರು. ಸಂಚಾರಿ ನ್ಯಾಯಾಲಯ ಊರಿಗೆ ಬಂದಾಗ ಕಲಾಪಕ್ಕೆ ಮೊದಲು ನ್ಯಾಯಾಧೀಶರು ವಿಶ್ವವಿದ್ಯಾಲಯದ ಜೊತೆ ಚರ್ಚಿಗೆ ಹೋಗುವ ಪದ್ಧತಿಯಿತ್ತು. ಐರ್ಲೆಂಡಿನ ಹತ್ತು ಬಿಷಪ್ ಪೀಠಗಳನ್ನು ರದ್ದುಮಾಡಲು ಸಂಸತ್ತು ಹೊರಟಿದ್ದನ್ನು ಹಿಡಿದು ಕೀಬಲ್ ಇದು ರಾಷ್ಟ್ರದ ಧರ್ಮಭ್ರಷ್ಟತೆ ಎಂದ. ಸೇಂಟ್ ಮೇರಿಯ ಪಾದ್ರಿಯಾಗಿದ್ದ ಜಾನ್ ಹೆನ್ರಿ ನ್ಯೂಮನ್ ಆ ದಿನವನ್ನೇ, ಇಂಗ್ಲೆಂಡಿನ ಚರ್ಚನ್ನು ಹಳೆಯ ಕ್ಯಾಥೊಲಿಕ್ ಸಂಪ್ರದಾಯದತ್ತ ತಿರುಗಿಸಲು ಹೊರಟ ಆಕ್ಸ್‌ಫರ್ಡ್ ಚಳವಳಿಯ ಹುಟ್ಟೆಂದು ಎಣಿಸುತ್ತಿದ್ದ. ಆ ಹಾದಿ ಹಿಡಿದು ನ್ಯೂಮನ್ 1845ರಲ್ಲಿ ಕ್ಯಾಥೊಲಿಕನಾದ, 2019ರಲ್ಲಿ ರೋಮ್ ಅವನನ್ನು ಸಂತನೆಂದು ಘೋಷಿಸಿತು.

ಎಲ್ಲ ಪ್ರಸಂಗಗಳೂ ಹೀಗೆ ಸಿಡಿಮದ್ದಲ್ಲ. ದತ್ತಿಯಿಟ್ಟು ಇಂಥ ವಿಷಯದ ಮೇಲೇ ಮಾತಾಡಬೇಕೆಂದು ಕಟ್ಟುಮಾಡಿದವೂ ಇವೆ. ಒಂದು ಅಹಂಕಾರವೆಂಬ ಪಾಪದ ಮೇಲೆ, ಇನ್ನೊಂದು ವಿನಯವೆಂಬ ಗುಣದ ಮೇಲೆ. ಪ್ರಾಧ್ಯಾಪಕರೇ ತುಂಬಿದ ಊರಿಗೆ ಈ ದತ್ತಿಯಿಟ್ಟವನಿಗೆ ಲೋಕಜ್ಞಾನವಿತ್ತು. ಜಾನ್ ಬ್ಯಾಂಪ್ಟನ್ ಬಿಟ್ಟುಹೋದ ಹಣದಲ್ಲಿ 1780ರಿಂದ ಶುರುವಾದ ಉಪನ್ಯಾಸಮಾಲೆಯೂ ಇಲ್ಲಿನದೇ. ನಮ್ಮ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಿಗೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟು ಹೊತ್ತು ಒಳಗೆ ಕೂತವರ ಮಾತಾಯಿತು. ಹೊರಗೆ ಉಳಿದವರು? 1581ರಿಂದ ಆಕ್ಸ್‌ಫರ್ಡಿನಲ್ಲಿ ಹೆಸರು ದಾಖಲಿಸಲು ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನ 39 ನಂಬಿಕೆಸೂತ್ರಗಳಿಗೆ ಸಹಿ ಹಾಕಬೇಕಿತ್ತು. ಕ್ಯಾಥೊಲಿಕರಿಗೆ, ಯಹೂದಿಗಳಿಗೆ, ಬೇರೆ ಪಂಥದ ಪ್ರೊಟೆಸ್ಟೆಂಟರಿಗೆ ಬಾಗಿಲು ಮುಚ್ಚಿತ್ತು. ಹೆಸರು ದಾಖಲಿಸುವ ಈ ಶಾಸ್ತ್ರಕ್ಕೆ ಮೆಟ್ರಿಕ್ಯುಲೇಷನ್ ಎನ್ನುತ್ತಾರೆ. ನಮ್ಮ ಅಜ್ಜಂದಿರ 'ಮೆಟ್ರಿಕ್ ಪಾಸು' ಅಲ್ಲಿಂದ ಬಂದ ಮಾತು, ಅರ್ಥ ಮಾತ್ರ ದಾರಿಯಲ್ಲಿ ಪರೀಕ್ಷೆಯ ಕಡೆ ಹೊರಳಿತು. ಕೇಂಬ್ರಿಜಿನಲ್ಲಿ ಸಹಿ ಕೇಳುತ್ತಿದ್ದದ್ದು ಪದವಿ ಕೊಡುವಾಗ. ಅದರ ಫಲವನ್ನು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಉಂಡ. 1837ರ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಬಂದರೂ ಯಹೂದಿಯಾದ್ದರಿಂದ ಪದವಿಯಿಲ್ಲ. ಅದು ಕೈಗೆ ಬಂದದ್ದು 1872ರಲ್ಲಿ, ಅವನಿಗೆ ಐವತ್ತು ದಾಟಿ ಹೆಸರು ಜಗತ್ತಿಗೆಲ್ಲ ಗೊತ್ತಾದ ಮೇಲೆ. ಆಕ್ಸ್‌ಫರ್ಡಿನಲ್ಲಿ ದಾಖಲಾತಿಯ ಸಹಿ 1854ರಲ್ಲಿ ಹೋಯಿತು, ಬೋಧಕ ಹುದ್ದೆಗಳ ಕಟ್ಟು ಬಿಚ್ಚಲು 1871ರ ಕಾಯಿದೆ ಬೇಕಾಯಿತು. ಹೆಂಗಸರಿಗೆ ಪದವಿ 1920ರಲ್ಲಿ. 1889ರಲ್ಲೇ ಅಲ್ಲಿಯ ಹೆಂಗಸರ ಕಾಲೇಜಾದ ಸೋಮರ್ವಿಲ್ ಸೇರಿ ಮುಂದೆ ಕಾನೂನು ಪರೀಕ್ಷೆ ಬರೆದಿದ್ದ ಭಾರತದ ಕಾರ್ನೀಲಿಯಾ ಸೊರಾಬ್ಜಿ ತಮ್ಮ ಪದವಿಗೆ ಮೂವತ್ತು ವರ್ಷ ಕಾದರು.

1854ರ ಮೂರು ವರ್ಷಕ್ಕೆ, 1857ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳಿಗೆ ಮಾದರಿಯಾದದ್ದು ಧರ್ಮದ ಸಹಿ ಕೇಳದ ಲಂಡನ್ ವಿಶ್ವವಿದ್ಯಾಲಯ. ಹಾಗಾಗಿ ನಮಗೆ ಚರ್ಚು ಬರಲಿಲ್ಲ. ಗೌನು, ಮೆರವಣಿಗೆ, ದಂಡ ಮಾತ್ರ ಬಂದವು. ಮೈಸೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುಲಸಚಿವರಿಂದ ಹಿಡಿದು ಕುಲಾಧಿಪತಿಗಳವರೆಗೆ ಸಾಲಾಗಿ ನಡೆದು ಬರುವುದನ್ನು, ಎಲ್ಲರೂ ಎದ್ದು ನಿಲ್ಲುವುದನ್ನು, ಹೊರಗಿನಿಂದ ಬಂದ ಅತಿಥಿ ಹಿತವಚನ ಹೇಳುವುದನ್ನು ನೋಡಿ. ಆರ್ಗನ್ ಬದಲು ನಾಡಗೀತೆ, ಪ್ರಸಂಗದ ಬದಲು ಘಟಿಕೋತ್ಸವ ಭಾಷಣ. ಉತ್ಸವಮೂರ್ತಿಯಿಲ್ಲದ ತೇರು ಇದು. ಹೆಸರಿನಲ್ಲಿ ಮಾತ್ರ ಹಿರಿಯರು ಜಾಣತನ ತೋರಿದರು. 'ಘಟಿಕೆ' ಎಂಬುದು ತಾಳಗುಂದದ ಶಾಸನದಷ್ಟು ಹಳೆಯ ಮಾತು. ಕದಂಬರ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ. ಒಳಗೆ ಆಕ್ಸ್‌ಫರ್ಡು, ಹೊರಗಿನ ಬೋರ್ಡು ಕಂಚಿಯದು.

2010ರಲ್ಲಿ ಭೋಪಾಲಿನ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಂದಿನ ಕೇಂದ್ರ ಸಚಿವ ಜೈರಾಂ ರಮೇಶ್ ಗೌನು ಕಳಚಿ, ಮಧ್ಯಯುಗದ ಪಾದ್ರಿ, ಪೋಪರಂತೆ ಇನ್ನೂ ಯಾಕೆ ವೇಷ ಹಾಕಬೇಕು ಎಂದು ಕೇಳಿದ್ದರು. ಗೌನು ಬೇಕೋ ಬೇಡವೋ ಎಂಬ ಜಗಳ ಬೇರೆ. ಅದು ಪಾದ್ರಿಯ ಬಟ್ಟೆಯಿಂದ ಬಂದದ್ದು ಎಂಬ ಮಾತಂತೂ ಸರಿ, ಯಾಕೆಂದರೆ ಮಧ್ಯಯುಗದ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗುವುದೆಂದರೇ ಪಾದ್ರಿಗಳ ಸಾಲಿಗೆ ಸೇರುವುದು.

ಇನ್ನು ಹೋಗುವವರಿಗೆ ನಾಲ್ಕು ಮಾತು. ಟಿಕೆಟಿಲ್ಲ, ಯಾರೂ ಜಾತಿಧರ್ಮ ಕೇಳುವುದಿಲ್ಲ. ಚಪ್ಪಲಿ ಬಿಡಬೇಕಿಲ್ಲ, ನಮ್ಮ ಹಳ್ಳಿಗಾಡಿನ ಎಷ್ಟೋ ಚರ್ಚುಗಳಲ್ಲಿ ಬಿಡುತ್ತಾರೆ, ಅಲ್ಲಿ ಶೂ ಹಾಕಿಕೊಂಡೇ ಕೂರುವುದು. ಗಂಡಸರು ಟೊಪ್ಪಿಗೆ ತೆಗೆಯಬೇಕು, ರುಮಾಲಿಗೆ ಅಡ್ಡಿಯಿಲ್ಲ. ಬಾಗಿಲಲ್ಲಿ ಒಂದು ಕಾಗದ ಕೊಡುತ್ತಾರೆ. ದಪ್ಪಕ್ಷರದಲ್ಲಿರುವುದು ಎಲ್ಲರೂ ಒಟ್ಟಿಗೆ ಹೇಳುವ ಭಾಗ. ಹೇಳಲು ಮನಸ್ಸಿಲ್ಲದಿದ್ದರೆ ಎಲ್ಲರೊಂದಿಗೆ ಎದ್ದು ಸುಮ್ಮನೆ ನಿಂತರೆ ಸಾಕು. ವಿಶ್ವಾಸ ಪ್ರಮಾಣ ಹೇಳುವಾಗ ಬಾಯಿ ಆಡಿಸಿ ನಟಿಸುವುದಕ್ಕಿಂತ ಮೌನವೇ ಮರ್ಯಾದೆ. ಆ ದಿನ ಪ್ರಭುಭೋಜನ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ, ಇದ್ದರೆ ಸಾಲು ಎದ್ದು ಮುಂದೆ ಹೋಗುತ್ತದೆ. ಕೂತಲ್ಲೇ ಕೂತಿರಬಹುದು, ದಾರಿ ಬಿಡಲು ಮಂಡಿ ಸ್ವಲ್ಪ ಓರೆ ಮಾಡಿ. ಹೋಗಲೇಬೇಕೆನಿಸಿದರೆ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಹೋಗಿ, ರೊಟ್ಟಿಯ ಬದಲು ಆಶೀರ್ವಾದ ಸಿಗುತ್ತದೆ. ಕಾಣಿಕೆಯ ತಟ್ಟೆ ಬಂದಾಗ ಹಾಕದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಮೊಬೈಲಿನ ವಿಷಯ ಹೇಳಬೇಕೇ? ಮೆರವಣಿಗೆಯ ಫೋಟೊ ಹೊರಗೆ ಬೀದಿಯಲ್ಲೇ ಚೆನ್ನಾಗಿ ಬರುತ್ತದೆ.

ಹಳೆಯ ಜಗಳದ ಲೆಕ್ಕ ಏನಾಯಿತು ಎಂದು ಕೇಳುವಿರಾದರೆ, 1955ರ ಫೆಬ್ರವರಿ 10ರಂದು, ಆರುನೂರು ವರ್ಷ ತುಂಬಿದ ದಿನ, ವಿಶ್ವವಿದ್ಯಾಲಯ ಮೇಯರರಿಗೆ ಗೌರವ ಪದವಿ ಕೊಟ್ಟಿತು, ಊರು ಕುಲಪತಿಗಳನ್ನು ತನ್ನ ಗೌರವ ನಾಗರಿಕರನ್ನಾಗಿ ಮಾಡಿಕೊಂಡಿತು. ರಾಜಿಯಾಯಿತು.

ಮುಗಿದ ಮೇಲೆ ಎದ್ದು ನಿಲ್ಲಿ, ತಕ್ಷಣ ಹೊರಡಬೇಡಿ. ಬೆಳ್ಳಿಕೋಲುಗಳು, ಅವುಗಳ ಹಿಂದೆ ಕುಲಪತಿಗಳು ಬಾಗಿಲು ದಾಟುವವರೆಗೆ ಎಲ್ಲರೂ ನಿಂತಿರುತ್ತಾರೆ. ಆಮೇಲೆ ನೀವು ಹೈ ಸ್ಟ್ರೀಟಿನ ಕಡೆಯ ದಕ್ಷಿಣದ ಬಾಗಿಲಿನಿಂದ ಹೊರಬಂದರೆ ಹಗ್ಗದಂತೆ ತಿರುಚಿದ ಎರಡು ಕಂಬಗಳ ಮುಖಮಂಟಪ ಸಿಗುತ್ತದೆ. ತಲೆಯೆತ್ತಿ ನೋಡಿ, ಕೂಸನ್ನು ಎತ್ತಿಕೊಂಡ ಮರಿಯಮ್ಮನ ಕಲ್ಲಿನ ವಿಗ್ರಹ. 1637ರಲ್ಲಿ ಇದನ್ನು ನಿಲ್ಲಿಸಿದಾಗ ಆರ್ಚ್‌ಬಿಷಪ್ ವಿಲಿಯಂ ಲಾಡ್ ಇಲ್ಲಿಯ ಚಾನ್ಸಲರ್. ದೊರೆಗೂ ಸಂಸತ್ತಿಗೂ ಅಂತರ್ಯುದ್ಧ ಶುರುವಾದಾಗ ಸಂಸತ್ತಿನ ಪಡೆಯವರು ಇದು ವಿಗ್ರಹಾರಾಧನೆ ಎಂದು ಅದಕ್ಕೆ ಗುಂಡು ಹೊಡೆದರು. ಲಾಡನ ವಿಚಾರಣೆಯಲ್ಲಿ ಈ ವಿಗ್ರಹವೂ ಅವನ ವಿರುದ್ಧದ ಸಾಕ್ಷಿಗಳಲ್ಲಿ ಒಂದಾಯಿತು, 1645ರ ಜನವರಿಯಲ್ಲಿ ಅವನ ತಲೆ ಹೋಯಿತು. ವಿಗ್ರಹ ಇನ್ನೂ ಅಲ್ಲೇ ಇದೆ. ಮಳೆ ಬರುತ್ತಿದ್ದರೆ ಅದರ ಕೆಳಗೇ ನಿಂತು ಕೊಡೆ ಬಿಚ್ಚಬೇಕು.